ನಾಲ್ವರು ಸೋದರಿಯರ ಮನೆಯಲ್ಲೊಬ್ಬ ಕಾದಂಬರಿಕಾರ

1943ರ ಜನವರಿ. ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಜಪಾನಿನ ಸೈನಿಕರು ಹಸಿವಿನಿಂದಲೂ ರೋಗದಿಂದಲೂ ಸಾಯುತ್ತಿದ್ದ ದಿನಗಳವು. ಅದೇ ತಿಂಗಳು ಟೋಕಿಯೋದ 'ಚುವೋ ಕೋರೊನ್' ಎಂಬ ಮಾಸಪತ್ರಿಕೆಯಲ್ಲಿ ಹೊಸ ಧಾರಾವಾಹಿಯೊಂದು ಮೊದಲಾಯಿತು. ಅದರಲ್ಲಿ ರಣರಂಗವಿರಲಿಲ್ಲ. ಆರಂಭದಲ್ಲೇ ಒಬ್ಬ ಗೃಹಿಣಿ ಸಂಗೀತ ಕಚೇರಿಗೆ ಹೊರಡಲೆಂದು ಕನ್ನಡಿಯ ಮುಂದೆ ಕುಳಿತಿದ್ದಾಳೆ. ಕತ್ತಿನ ಹಿಂಭಾಗಕ್ಕೆ ಪೌಡರು ಹಚ್ಚಲು ಕೊನೆಯ ತಂಗಿಯನ್ನು ಕರೆಯುತ್ತಾಳೆ. ನಡುವಣ ತಂಗಿಗೆ ಬಂದಿರುವ ಹೊಸ ಸಂಬಂಧದ ವಿಷಯ ಅವರಿಬ್ಬರ ಮಾತಿನಲ್ಲಿ ಸುಳಿಯುತ್ತದೆ. ಮಾರ್ಚ್ ತಿಂಗಳಲ್ಲಿ ಎರಡನೆಯ ಕಂತು ಬಂತು. ಮೂರನೆಯದು ಬರಲಿಲ್ಲ. ದೇಶ ಯುದ್ಧದಲ್ಲಿ ಮುಳುಗಿರುವಾಗ ಸಿರಿವಂತ ಮನೆಯ ಹೆಂಗಸರ ಸೀರೆ ಸಿಂಗಾರದಂತಹ ಸಂಗತಿಗಳನ್ನು ಬಣ್ಣಿಸುತ್ತ ಕೂರುವುದು ಜನರ ಮನಸ್ಸನ್ನು ಸಡಿಲಗೊಳಿಸುತ್ತದೆಂದು ಸೇನಾ ಇಲಾಖೆಯವರಿಗೆ ಕಂಡಿತು. ಧಾರಾವಾಹಿ ನಿಂತಿತು.

ಆ ಕಾದಂಬರಿಯೇ 'ಸಾಸಾಮೆಯುಕಿ'. ಸಣ್ಣಗೆ ಉದುರುವ ಹಿಮ ಎಂಬುದು ಆ ಪದದ ಅರ್ಥ. 1957ರಲ್ಲಿ ಎಡ್ವರ್ಡ್ ಸೈಡೆನ್‌ಸ್ಟಿಕರ್ ಮಾಡಿದ ಇಂಗ್ಲಿಷ್ ಅನುವಾದದಿಂದಾಗಿ ಹೊರಜಗತ್ತಿಗೆ 'ದಿ ಮಕಿಯೋಕಾ ಸಿಸ್ಟರ್ಸ್' ಎಂದು ಪರಿಚಿತವಾದ ಕೃತಿ. ಬರೆದವನು ಜುನಿಚಿರೋ ತನಿಜಾಕಿ. ಪತ್ರಿಕೆಯಲ್ಲಿ ನಿಂತುಹೋದ ಕಥೆಯನ್ನು ಆತ ಮನೆಯಲ್ಲಿ ನಿಲ್ಲಿಸಲಿಲ್ಲ. ಬಾಂಬುಗಳು ಬೀಳುತ್ತಿದ್ದಾಗಲೂ, ಊರಿಂದ ಊರಿಗೆ ಗಂಟುಮೂಟೆ ಹೊತ್ತು ಅಲೆಯುತ್ತಿದ್ದಾಗಲೂ ಬರೆಯುತ್ತಲೇ ಇದ್ದ. ಏಕೆಂದರೆ ಆ ನಾಲ್ವರು ಅಕ್ಕತಂಗಿಯರು ಅವನ ಕಣ್ಣೆದುರಿಗೇ ಇದ್ದವರು. ಒಬ್ಬಳು ಅವನ ಹೆಂಡತಿ. ಉಳಿದವರು ಆಕೆಯ ಅಕ್ಕ ಮತ್ತು ಇಬ್ಬರು ತಂಗಿಯರು.

ತನಿಜಾಕಿ ಹುಟ್ಟಿದ್ದು 1886ರ ಜುಲೈ 24ರಂದು, ಟೋಕಿಯೋದ ಹಳೆಯ ವ್ಯಾಪಾರಿ ಕೇರಿಯಾದ ನಿಹೊನ್‌ಬಾಶಿಯಲ್ಲಿ. ಅಜ್ಜ ಮುದ್ರಣಾಲಯ ನಡೆಸಿ ಹಣ ಮಾಡಿದವನು. ತಾಯಿ ಸೆಕಿ ಆ ಕೇರಿಯಲ್ಲೆಲ್ಲ ಹೆಸರಾದ ಚೆಲುವೆ. ತಂದೆ ಮನೆಅಳಿಯನಾಗಿ ಬಂದವನು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರ ಕೈಹತ್ತಲಿಲ್ಲ. ಅಜ್ಜ ಕಣ್ಮುಚ್ಚಿದ ಮೇಲೆ ಸಂಸಾರ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಹುಡುಗನ ಓದು ನಿಲ್ಲುವುದರಲ್ಲಿತ್ತು. ಒಂದು ಹೋಟೆಲಿನ ಧಣಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಚಾಕರಿ ಮಾಡುತ್ತ ಆತ ಶಾಲೆಗೆ ಹೋಗಬೇಕಾಯಿತು. ಅದೇ ಮನೆಯ ಕೆಲಸದ ಹುಡುಗಿಯೊಬ್ಬಳ ಮೇಲೆ ಮನಸ್ಸಿಟ್ಟ ಸಂಗತಿ ಬಯಲಾಗಿ 1907ರಲ್ಲಿ ಅಲ್ಲಿಂದಲೂ ಹೊರಬಿದ್ದ. ಇಳಿಯುತ್ತಿರುವ ಮನೆತನದ ಒಳಗಿನ ಮುಜುಗರಗಳು, ಹಿಂದಿನ ವೈಭವದ ಲೆಕ್ಕದಲ್ಲೇ ಇಂದಿನ ಸಂಬಂಧಗಳನ್ನು ತೂಗುವ ಚಪಲ, ಇವೆಲ್ಲ ಅವನಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ.

1908ರಲ್ಲಿ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ಸಾಹಿತ್ಯ ವಿಭಾಗ ಸೇರಿದ. ಫೀಸು ಕಟ್ಟಲಾಗದೆ 1911ರಲ್ಲಿ ಹೆಸರು ಹೊಡೆಸಿಕೊಂಡ. ಅಷ್ಟರಲ್ಲಿ, 1910ರಲ್ಲಿ ಬರೆದ ಹಚ್ಚೆಗಾರನ ಕಥೆ ಅವನನ್ನು ಸಾಹಿತ್ಯವಲಯದಲ್ಲಿ ಗುರುತಿಸುವಂತೆ ಮಾಡಿತ್ತು. ಹುಡುಗಿಯೊಬ್ಬಳ ಬೆನ್ನಿನ ಮೇಲೆ ಭಾರಿ ಜೇಡವೊಂದನ್ನು ಚುಚ್ಚಿದ ಕಲಾವಿದ, ಕೊನೆಗೆ ತಾನೇ ಆ ಜೇಡಕ್ಕೆ ಬಲಿಯಾಗುವ ಕಥೆ ಅದು. ಆಗಿನ ದೊಡ್ಡ ಲೇಖಕ ನಾಗಾಯ್ ಕಾಫು 1911ರಲ್ಲಿ ಈ ತರುಣನನ್ನು ಮನಸಾರೆ ಹೊಗಳಿ ಬರೆದ. ಕಾಫುವಿನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಆತ ಇನ್ನೊಮ್ಮೆ, ಬೇರೆಯೇ ಸನ್ನಿವೇಶದಲ್ಲಿ ಬರುತ್ತಾನೆ.

ಇನ್ನು ಮದುವೆಯ ವಿಷಯ. ಇಲ್ಲಿ ನಮ್ಮ ಕಥಾನಾಯಕನ ಬಗ್ಗೆ ಒಳ್ಳೆಯ ಮಾತು ಹೇಳುವುದು ಕಷ್ಟ. ಆತ ಮೊದಲು ಮದುವೆಯಾಗಬೇಕೆಂದು ಬಯಸಿದ್ದು ಗೇಶಾ ವೃತ್ತಿಯ ಓಹಾತ್ಸು ಎಂಬ ಚೂಟಿಯಾದ ಹೆಂಗಸನ್ನು. ಅದು ಕೂಡಿಬರಲಿಲ್ಲ. ಅವಳು ತನ್ನ ತಂಗಿ ಚಿಯೋಳನ್ನು ತೋರಿಸಿದಳು. 1915ರಲ್ಲಿ ಅವಳೊಡನೆ ಮದುವೆಯಾಯಿತು. ಅಕ್ಕನಂತೆಯೇ ತಂಗಿಯೂ ಇದ್ದಾಳೆಂದು ಭಾವಿಸಿದ್ದ ತನಿಜಾಕಿಗೆ ಸಿಕ್ಕಿದ್ದು ತಲೆತಗ್ಗಿಸಿ ಮನೆ ನೋಡಿಕೊಳ್ಳುವ ಸಾಧು ಗೃಹಿಣಿ. ಮರುವರ್ಷ ಅಯುಕೋ ಎಂಬ ಮಗಳು ಹುಟ್ಟಿದಳು. ಗಂಡನ ಕಣ್ಣು ಮಾತ್ರ ಹೆಂಡತಿಯ ಇನ್ನೂ ಚಿಕ್ಕ ತಂಗಿ ಸೆಯಿಕೋಳ ಮೇಲೆ ಬಿತ್ತು. ಆತನ ಗೆಳೆಯ, ಕವಿ ಹಾರುವೋ ಸಾತೋ, ಚಿಯೋಳ ಮೇಲಿನ ಕನಿಕರದಿಂದ ತೊಡಗಿ ಅವಳನ್ನು ಪ್ರೀತಿಸುವವರೆಗೆ ಹೋದ. ಅವಳನ್ನು ನಿನಗೆ ಬಿಟ್ಟುಕೊಡುತ್ತೇನೆಂದು ಒಪ್ಪಿದ ತನಿಜಾಕಿ 1921ರಲ್ಲಿ ಮಾತು ತಪ್ಪಿದ. ಗೆಳೆತನ ಮುರಿಯಿತು. ಹೆಂಡತಿಯನ್ನು ಕೊಡುವ ಮಾತು, ಕೊಡದಿರುವ ಮಾತು, ಎರಡರಲ್ಲೂ ಆ ಹೆಣ್ಣುಮಗಳನ್ನು ಒಂದು ವಸ್ತುವೆಂಬಂತೆ ಎಣಿಸಿದ್ದು ಇಂದು ಓದುವವರಿಗೆ ಸಹ್ಯವಾಗುವುದಿಲ್ಲ.

ಸೆಯಿಕೋಳ ನೆರಳು 1924ರಲ್ಲಿ ಆರಂಭವಾದ 'ಚಿಜಿನ್ ನೋ ಆಯ್' ಕಾದಂಬರಿಯ ನವೋಮಿಯಲ್ಲಿ ಇದೆ. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹದಿನೈದರ ಹುಡುಗಿಯನ್ನು ಮನೆಗೆ ತಂದು, ಪಾಶ್ಚಾತ್ಯ ರೀತಿಯಲ್ಲಿ ಬೆಳೆಸಿ, ಕೊನೆಗೆ ಅವಳ ಗುಲಾಮನಾಗುವ ಇಂಜಿನಿಯರನ ಕಥೆ ಅದು. ನವೋಮಿಯ ಚರ್ಮ, ಪಾದ, ತುಟಿ ಎಲ್ಲದರ ವರ್ಣನೆ ಅಲ್ಲಿ ಧಾರಾಳವಾಗಿದೆ. ಆದರೆ ಎಲ್ಲವೂ ಮೋಹಗೊಂಡ ಗಂಡಸಿನ ಕಣ್ಣಿಗೆ ಕಂಡದ್ದು. ಅವಳು ಒಬ್ಬಳೇ ಕುಳಿತಾಗ ಏನು ಯೋಚಿಸುತ್ತಾಳೆಂಬುದು ಓದುಗನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಆಗ ಒಂದು ಮನೆಯ ಮೂವರು ಸೋದರಿಯರೊಡನೆ ಗಂಟುಬಿದ್ದಿದ್ದ ತನಿಜಾಕಿಗೆ ಅವರಲ್ಲಿ ಒಬ್ಬಳೂ ನಿಜವಾಗಿ ಕಂಡಿರಲಿಲ್ಲವೆಂದೇ ಹೇಳಬೇಕು.

ಅವನ ಬದುಕನ್ನು ತಿರುಗಿಸಿದ್ದು ಭೂಕಂಪ. 1923ರ ಸೆಪ್ಟೆಂಬರ್ 1ರಂದು ಟೋಕಿಯೋ ಮತ್ತು ಯೊಕೊಹಾಮಾಗಳು ನೆಲಸಮವಾದಾಗ ಆತ ಹಾಕೋನೆಯ ಬೆಟ್ಟದ ದಾರಿಯಲ್ಲಿ ಬಸ್ಸಿನೊಳಗಿದ್ದ. ಯೊಕೊಹಾಮಾದ ಮನೆ ಸುಟ್ಟುಹೋಯಿತು, ಸಂಸಾರ ಉಳಿಯಿತು. ಚಿಕ್ಕಂದಿನಿಂದಲೂ ಭೂಕಂಪವೆಂದರೆ ನಡುಗುತ್ತಿದ್ದ ಆತ ಹೆಂಡತಿ ಮಗಳೊಡನೆ ಪಶ್ಚಿಮಕ್ಕೆ, ಒಸಾಕಾ, ಕೋಬೆ, ಕ್ಯೋಟೋಗಳ ಸೀಮೆಗೆ ಹೊರಟ. ಸ್ವಲ್ಪ ಕಾಲವೆಂದು ಹೋದವನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಸೀಮೆಯ ನಂಟು ಬಿಡಲಿಲ್ಲ. ಅಲ್ಲಿಯ ಮಾತು ಬೇರೆ, ಊಟದ ರುಚಿ ಬೇರೆ, ಹೆಂಗಸರ ದನಿಯ ಏರಿಳಿತವೇ ಬೇರೆ. ಟೋಕಿಯೋದವನಾದ ಆತ ಹೊರಗಿನವನ ಕಿವಿಯಿಂದ ಅದನ್ನು ಕೇಳತೊಡಗಿದ. 1928ರಲ್ಲಿ ಆರಂಭಿಸಿದ 'ಮಾಂಜಿ' ಕಾದಂಬರಿಯನ್ನು ಒಸಾಕಾದ ಹೆಂಗಸಿನ ಮಾತಿನಲ್ಲೇ ಬರೆಯಬೇಕೆಂದು ಹಟ ತೊಟ್ಟು, ಅದಕ್ಕಾಗಿ ಅಲ್ಲಿಯ ಓದಿದ ಹುಡುಗಿಯರ ನೆರವು ಪಡೆದ. ಮನೆಯೊಳಗೊಂದು ಮಾತು, ಪೇಟೆಯಲ್ಲೊಂದು ಮಾತು ಆಡಿ ಅಭ್ಯಾಸವಿರುವ ನಮ್ಮ ಓದುಗರಿಗೆ ಈ ಹಟದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೀಮೆಯ ಹೆಣ್ಣನ್ನು ಬಣ್ಣಿಸಬೇಕಾದರೆ ಅವಳ ಮಾತಿನಿಂದಲೇ ತೊಡಗಬೇಕೆಂಬುದನ್ನು ಆತ ಅಲ್ಲಿ ಕಲಿತ.

1930ರಲ್ಲಿ ಚಿಯೋಳ ಪ್ರಕರಣ ವಿಚಿತ್ರ ರೀತಿಯಲ್ಲಿ ಮುಗಿಯಿತು. ತನಿಜಾಕಿ, ಚಿಯೋ, ಸಾತೋ ಮೂವರೂ ಕೂಡಿ, ಚಿಯೋ ಇನ್ನು ಸಾತೋನನ್ನು ಮದುವೆಯಾಗುವಳೆಂದೂ ಮಗಳು ತಾಯಿಯ ಜತೆಯಲ್ಲಿರುವಳೆಂದೂ ಬಂಧುಮಿತ್ರರಿಗೆ ಅಚ್ಚು ಹಾಕಿಸಿದ ಪತ್ರ ಕಳುಹಿಸಿದರು. ದೇಶದ ಪತ್ರಿಕೆಗಳಿಗೆಲ್ಲ ಅದು ಹಬ್ಬವಾಯಿತು. ಮರುವರ್ಷ ತೊಮಿಕೋ ಎಂಬ ಪತ್ರಕರ್ತೆಯನ್ನು ತನಿಜಾಕಿ ಮದುವೆಯಾದ. ಅದು ಹೆಚ್ಚು ಕಾಲ ಬಾಳಲಿಲ್ಲ. ಅವನ ಮನಸ್ಸು 1927ರಲ್ಲೇ ಬೇರೆಡೆ ನೆಲೆಗೊಂಡಿತ್ತು.

ಆ ವರ್ಷದ ಮಾರ್ಚಿನಲ್ಲಿ ಕಥೆಗಾರ ಅಕುತಗಾವಾ ಒಸಾಕಾಕ್ಕೆ ಬಂದಿದ್ದ. ಅವನನ್ನು ನೋಡಬೇಕೆಂದು ಬಂದ ಮಹಿಳೆಯೊಬ್ಬಳು ಅಲ್ಲಿದ್ದ ತನಿಜಾಕಿಗೂ ಪರಿಚಯವಾದಳು. ಒಸಾಕಾದ ಹತ್ತಿಬಟ್ಟೆಯ ದೊಡ್ಡ ವ್ಯಾಪಾರಿ ಮನೆತನದ ಸೊಸೆ, ಮಾತ್ಸುಕೋ. ಹಡಗು ಕಟ್ಟುವ ಕಾರ್ಖಾನೆಯ ಆಡಳಿತಗಾರರಲ್ಲೊಬ್ಬನ ಮಗಳು. ಅಕುತಗಾವಾ ಅದೇ ಜುಲೈನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ನೆಪದಲ್ಲಾದ ಈ ಪರಿಚಯ ಉಳಿದು ಬೆಳೆಯಿತು. ಮಾತ್ಸುಕೋಳ ಗಂಡನ ವ್ಯಾಪಾರ ಕುಸಿಯಿತು, ದಾಂಪತ್ಯವೂ ಕುಸಿಯಿತು. ತನಿಜಾಕಿ ಅವಳಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ತನ್ನನ್ನು ಒಡತಿಯ ಸೇವಕನೆಂದು ಭಾವಿಸಿಕೊಳ್ಳುತ್ತಿದ್ದ. ಕುರುಡಿ ಸಂಗೀತಗಾರ್ತಿಯೊಬ್ಬಳಿಗೆ ಜೀವನವಿಡೀ ಚಾಕರಿ ಮಾಡುವ ಶಿಷ್ಯನ ಕಥೆ 1933ರಲ್ಲಿ ಹುಟ್ಟಿದ್ದು ಈ ಮನಃಸ್ಥಿತಿಯಲ್ಲೇ. 1935ರ ಜನವರಿಯಲ್ಲಿ ಇಬ್ಬರಿಗೂ ಮದುವೆಯಾಯಿತು.

ಮಾತ್ಸುಕೋ ಒಬ್ಬಳೇ ಬರಲಿಲ್ಲ. ಅವಳ ಮಗಳು ಎಮಿಕೋ ಬಂದಳು. ಮದುವೆಯಾಗದ ಇಬ್ಬರು ತಂಗಿಯರು, ಶಿಗೆಕೋ ಮತ್ತು ನೊಬುಕೋ, ಅಕ್ಕನ ಜೊತೆಯಲ್ಲೇ ಹೆಚ್ಚಾಗಿ ಇರುತ್ತಿದ್ದರು. ಎಲ್ಲರಿಗೂ ಹಿರಿಯಳಾದ ಅಸಾಕೋ ತವರಿನ ಹಿರಿಮನೆಯ ಗೌರವ ಹೊತ್ತವಳು. 1936ರಿಂದ ಈ ಸಂಸಾರ ಕೋಬೆಯ ಸುಮಿಯೋಶಿ ನದಿಯ ದಂಡೆಯ ಮನೆಯೊಂದರಲ್ಲಿ ನೆಲಸಿತು. ಮಾತ್ಸುಕೋಳ ಹೆಸರಿನಲ್ಲಿ ದೇವದಾರು ಜಾತಿಯ ಮರದ ಹೆಸರು ಅಡಗಿದೆ; ಆ ಮರಕ್ಕೆ ಒರಗಿದ ಕುಟೀರ ಎಂಬರ್ಥದಲ್ಲಿ ಮನೆಗೆ 'ಇಶೋಆನ್' ಎಂದು ಹೆಸರಿಟ್ಟ. ತನಿಜಾಕಿಯ ಕೋಣೆಯ ಹೊರಗೆ ದಿನವಿಡೀ ಹೆಂಗಸರ ದನಿ. ಯಾರಿಗೆ ಯಾವ ಬಟ್ಟೆ, ಯಾರಿಗೆ ನೆಗಡಿ, ಯಾವ ಸಂಬಂಧದವರು ಪತ್ರ ಬರೆದರು, ಹಿರಿಯಕ್ಕ ಯಾವುದಕ್ಕೆ ಮುನಿಸಿಕೊಂಡಳು. ಐವತ್ತು ತುಂಬಿದ ಲೇಖಕ ಈಗ ಬಾಯಿ ಮುಚ್ಚಿ ಕಿವಿಗೊಟ್ಟು ಕುಳಿತ.

ಇದೇ ವರ್ಷಗಳಲ್ಲಿ ಆತ ಇನ್ನೊಂದು ದೊಡ್ಡ ಕೆಲಸ ಹೂಡಿದ್ದ. ಸಾವಿರ ವರ್ಷದ ಹಿಂದೆ ರಾಜಮನೆತನದ ಪರಿಚಾರಿಕೆ ಮುರಸಾಕಿ ಬರೆದ 'ಗೆಂಜಿ'ಯ ಕಥೆಯನ್ನು ಹೊಸ ಜಪಾನೀ ಭಾಷೆಗೆ ತರುವ ಕೆಲಸ. 1935ರಲ್ಲಿ ಕೈಗೆತ್ತಿಕೊಂಡು 1938ರಲ್ಲಿ ಕರಡು ಮುಗಿಸಿದ. 1939ರಿಂದ 1941ರವರೆಗೆ ಅದು 26 ಸಂಪುಟಗಳಲ್ಲಿ ಪ್ರಕಟವಾಯಿತು. ಚಕ್ರವರ್ತಿಯ ಮನೆತನಕ್ಕೆ ಕುಂದೆನಿಸಬಹುದಾದ ಭಾಗಗಳನ್ನು ಆತನೇ ಕೈಬಿಡಬೇಕಾಯಿತೆಂಬುದು ಆ ಕಾಲದ ಹವೆಯನ್ನು ತಿಳಿಸುತ್ತದೆ. ಋತುವಿನ ಬದಲಾವಣೆಯಲ್ಲಿ ಮನಸ್ಸಿನ ಬದಲಾವಣೆಯನ್ನು ಕಾಣಿಸುವ ವಿದ್ಯೆ ಅವನಿಗೆ ಕೈಹತ್ತಿದ್ದು ಈ ಅನುವಾದದಿಂದ.

ಈಗ ಕಾದಂಬರಿಗೆ ಬರೋಣ. ಕಥೆ 1936ರ ಕೊನೆಗೆ ಆರಂಭವಾಗಿ 1941ರ ಏಪ್ರಿಲಿನಲ್ಲಿ ಮುಗಿಯುತ್ತದೆ. ಮಕಿಯೋಕಾ ಎಂಬುದು ಒಸಾಕಾದ ಹಳೆಯ ವ್ಯಾಪಾರಿ ಮನೆತನ. ತಂದೆ ತೀರಿಹೋಗಿದ್ದಾನೆ, ಅಂಗಡಿ ಕೈಬಿಟ್ಟಿದೆ, ಹೆಸರು ಮಾತ್ರ ಉಳಿದಿದೆ. ಹಿರಿಯಳು ತ್ಸುರುಕೋ. ಅವಳ ಗಂಡ ಬ್ಯಾಂಕ್ ನೌಕರ. ವರ್ಗವಾಗಿ ಟೋಕಿಯೋಕ್ಕೆ ಹೋಗಿ, ಇಕ್ಕಟ್ಟಿನ ಮನೆಯಲ್ಲಿ ಆರು ಮಕ್ಕಳೊಂದಿಗೆ ಆಕೆ ನವೆಯುತ್ತಾಳೆ. ಎರಡನೆಯವಳು ಸಾಚಿಕೋ; ಲೆಕ್ಕಪತ್ರದ ವೃತ್ತಿಯ ಗಂಡನೊಡನೆ ಅಶಿಯಾದಲ್ಲಿ ಸುಖವಾಗಿದ್ದಾಳೆ. ಮೂರನೆಯವಳು ಯುಕಿಕೋ, ಮೂವತ್ತಾದರೂ ಮದುವೆಯಾಗಿಲ್ಲ. ಕೊನೆಯವಳು ತಯೆಕೋ, ಯುಕಿಕೋಳ ಮದುವೆ ಮುಗಿಯದೆ ಇವಳಿಗೆ ಮದುವೆ ಮಾಡುವಂತಿಲ್ಲ, ಇವಳು ಕಾಯುವವಳೂ ಅಲ್ಲ. ಮಾತ್ಸುಕೋ ಸಾಚಿಕೋ ಆದಳು, ಶಿಗೆಕೋ ಯುಕಿಕೋ ಆದಳು, ನೊಬುಕೋ ತಯೆಕೋ ಆದಳು, ಅಸಾಕೋ ತ್ಸುರುಕೋ ಆದಳು. ಪುಟ್ಟ ಎಮಿಕೋ ಕೂಡ ಎತ್ಸುಕೋ ಎಂಬ ಹೆಸರಿನಲ್ಲಿ ಬಂದಿದ್ದಾಳೆ.

ಯುಕಿಕೋಗೆ ಗಂಡು ಹುಡುಕುವುದೇ ಕಥೆಯ ಬೆನ್ನೆಲುಬು. ಐದು ಬಾರಿ ಹೆಣ್ಣು ತೋರಿಸುವ ಶಾಸ್ತ್ರ ನಡೆಯುತ್ತದೆ. ಮೊದಲನೆಯ ಸಂಬಂಧ ವರನ ತಾಯಿಗೆ ಮನೋರೋಗವಿದೆಯೆಂದು ತಿಳಿದು ಮುರಿಯುತ್ತದೆ. ಇನ್ನೊಬ್ಬ ವಯಸ್ಸಾದ ವಿಧುರ, ಊಟ ಮುಗಿಸಿ ಇವರನ್ನು ಮನೆಗೆ ಕರೆದುಕೊಂಡು ಹೋಗಿ ಸತ್ತ ಹೆಂಡತಿ ಮಕ್ಕಳ ಚಿತ್ರಗಳಿಟ್ಟ ಪೂಜಾಪೀಠವನ್ನೇ ತೋರಿಸುತ್ತಾನೆ. ಇಂತಹ ಮನುಷ್ಯನಿಗೆ ಹೆಣ್ಣಿನ ಮನಸ್ಸು ಅರ್ಥವಾದೀತೇ ಎಂದು ಯುಕಿಕೋ ಒಲ್ಲೆನೆನ್ನುತ್ತಾಳೆ. ನಗು ಬರುವಂತಹ ಸನ್ನಿವೇಶ, ಆದರೆ ನಗುತ್ತಿರುವಾಗಲೇ ಹೊಟ್ಟೆಯಲ್ಲಿ ತಳಮಳ. ವರ್ಷ ಕಳೆದಂತೆ ಸಂಬಂಧಗಳ ತೂಕ ಇಳಿಯುತ್ತ ಬಂದು, ಒಮ್ಮೆ ಬೇಡವೆನ್ನುವ ಸರದಿ ಗಂಡಿನ ಕಡೆಯವರದೇ ಆಗುತ್ತದೆ.

ಈ ಹುಡುಗಿಯ ಚೆಲುವನ್ನು ತನಿಜಾಕಿ ಹೇಗೆ ಬಣ್ಣಿಸಿದ್ದಾನೆಂದು ನೋಡಿದರೆ ಅವನು ನವೋಮಿಯಿಂದ ಎಷ್ಟು ದೂರ ಬಂದನೆಂಬುದು ತಿಳಿಯುತ್ತದೆ. ಯುಕಿಕೋಳ ಒಂದು ಕಣ್ಣಿನ ಮೇಲೆ, ಹುಬ್ಬಿನ ಬಳಿ, ನಸುಗಂದು ಮಚ್ಚೆಯೊಂದಿದೆ. ತಿಂಗಳ ಕೆಲವು ದಿನ ಅದು ಢಾಳಾಗಿ ಕಾಣುತ್ತದೆ, ಉಳಿದ ದಿನ ಮಾಯವಾಗುತ್ತದೆ. ಮದುವೆಯಾದರೆ ಹೋಗುತ್ತದೆಂದು ವೈದ್ಯರು ಹೇಳುತ್ತಾರೆ. ಮದುವೆಗೆ ಅಡ್ಡವಾಗಿರುವುದೂ ಅದೇ ಎಂದು ಮನೆಯವರಿಗೆ ದಿಗಿಲು. ಬೀಗರು ಬರುವ ದಿನ ಅದು ಎದ್ದು ಕಂಡೀತೇ ಎಂದು ಸಾಚಿಕೋ ಓರೆಗಣ್ಣಿನಿಂದ ನೋಡುತ್ತಾಳೆ. ಮಚ್ಚೆ ಹೊತ್ತವಳು ಮಾತ್ರ ಅದರ ಬಗ್ಗೆ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಒಂದು ಮಚ್ಚೆಯಿಂದ ಕಾದಂಬರಿಕಾರ ಇಡೀ ಮನೆಯ ಭಯವನ್ನೂ, ಆ ಹುಡುಗಿಯ ಮೌನದ ಹಟವನ್ನೂ ಒಟ್ಟಿಗೆ ತೋರಿಸಿಬಿಟ್ಟಿದ್ದಾನೆ.

ಯುಕಿಕೋ ಎಂಬ ಹೆಸರಿನಲ್ಲೂ ಹಿಮವಿದೆ. ಗಾಳಿ ಬೀಸಿದರೆ ಬಿದ್ದಾಳೆಂಬಂತೆ ಕಾಣುವ ಇವಳಿಗೆ ನೆಗಡಿಯೂ ಬರುವುದಿಲ್ಲ. ಎತ್ಸುಕೋಗೆ ಕೆಂಜ್ವರ ಬಂದಾಗ ಹಗಲಿರುಳು ಕುಳಿತು ಆರೈಕೆ ಮಾಡುವವಳು ಇವಳೇ. ಫೋನು ಎತ್ತಿ ಮಾತನಾಡಲು ಮಾತ್ರ ಬಾರದು. ಎಲ್ಲ ರೀತಿಯಿಂದಲೂ ಒಪ್ಪಬಹುದಾದ ವರನೊಬ್ಬ ತಾನೇ ಫೋನು ಮಾಡಿ ತಿರುಗಾಡಲು ಕರೆದಾಗ, ಬಹಳ ಹೊತ್ತು ಬಿಟ್ಟು ಬಂದು, ಅಸ್ಪಷ್ಟವಾಗಿ ಏನೋ ತೊದಲುತ್ತಾಳೆ. ಅವನಿಗೆ ಅವಮಾನವಾಗಿ ಸಂಬಂಧ ತಪ್ಪುತ್ತದೆ. ಸಾಚಿಕೋಗೆ ಅತ್ತುಬಿಡುವಷ್ಟು ಸಿಟ್ಟು. ಓದುವ ನಮಗೂ ಸಿಟ್ಟು ಬರುತ್ತದೆ. ಸ್ವಲ್ಪ ತಡೆದು ಯೋಚಿಸಿದರೆ, ಬೇಡವೆನ್ನಲು ಆ ಹುಡುಗಿಗೆ ಆ ಮನೆಯಲ್ಲಿ ಇದ್ದ ಉಪಾಯ ಅದೊಂದೇ ಎಂದೂ ತೋರುತ್ತದೆ.

ತಯೆಕೋ ಇದಕ್ಕೆ ತದ್ವಿರುದ್ಧ. ಅಕ್ಕ ಕಿಮೋನೋ ಉಟ್ಟರೆ ಇವಳು ಪಾಶ್ಚಾತ್ಯ ಉಡುಪಿನವಳು. ಬೊಂಬೆ ಮಾಡಿ ಮಾರಿ ಸ್ವಂತ ಸಂಪಾದನೆ ಮಾಡುತ್ತಾಳೆ, ಹೊಲಿಗೆ ಕಲಿಯುತ್ತಾಳೆ, 'ಹಿಮ' ಎಂಬ ಹಾಡಿಗೆ ಸಾಂಪ್ರದಾಯಿಕ ನೃತ್ಯವನ್ನೂ ಮಾಡುತ್ತಾಳೆ. ಹಿಂದೊಮ್ಮೆ ಸಾಹುಕಾರನ ಮಗ ಓಕುಬಾತನ ಜೊತೆ ಮನೆಬಿಟ್ಟು ಓಡಿದ್ದಳು. ಅದನ್ನು ಅಚ್ಚು ಹಾಕಿದ ಪತ್ರಿಕೆ ತಯೆಕೋಳ ಹೆಸರಿನ ಬದಲು ಯುಕಿಕೋಳ ಹೆಸರು ಹಾಕಿತು. ಭಾವ ತಕರಾರು ಎತ್ತಿದಾಗ ತಿದ್ದುಪಡಿ ಬಂತು. ಅದರಿಂದ ಓದದಿದ್ದವರೂ ಸುದ್ದಿ ಓದಿ, ಇಬ್ಬರು ಹುಡುಗಿಯರ ಹೆಸರೂ ಕೆಟ್ಟಿತು. ಪತ್ರಿಕೆಯಲ್ಲಿ ಕೆಲಸ ಮಾಡುವವರು ಈ ಪುಟವನ್ನು ಆಗಾಗ ಓದಿಕೊಳ್ಳುವುದು ಒಳ್ಳೆಯದು.

1938ರ ಜುಲೈ 5ರಂದು ಕೋಬೆ ಸೀಮೆಯಲ್ಲಿ ನಿಜವಾಗಿಯೂ ಭೀಕರ ಪ್ರವಾಹ ಬಂದಿತ್ತು. ಬೆಟ್ಟದ ನೀರು, ಮಣ್ಣು, ಬಂಡೆ ಎಲ್ಲ ಊರಿನ ಮೇಲೆ ಇಳಿದವು. ಕಾದಂಬರಿಯಲ್ಲಿ ಹೊಲಿಗೆ ಶಾಲೆಯಲ್ಲಿ ಸಿಕ್ಕಿಬಿದ್ದ ತಯೆಕೋಳನ್ನು ಉಳಿಸುವವನು ಫೋಟೋ ತೆಗೆಯುವ ಇತಾಕುರಾ. ಓಕುಬಾತನ ಅಂಗಡಿಯಲ್ಲೇ ಹಿಂದೆ ಆಳಾಗಿದ್ದವನು. ಅವಳ ಪ್ರೀತಿ ಅವನತ್ತ ತಿರುಗುತ್ತದೆ, ಮನೆತನದ ಮಾನ ಮತ್ತೆ ಅಪಾಯಕ್ಕೆ ಸಿಲುಕುತ್ತದೆ. ಕಿವಿಯ ಶಸ್ತ್ರಚಿಕಿತ್ಸೆಯಿಂದ ನಂಜೇರಿ, ಕಾಲು ಕತ್ತರಿಸಿ, ನರಳಿ ನರಳಿ ಆತ ಸಾಯುತ್ತಾನೆ. ಆಗ ಸಾಚಿಕೋಳ ಮನಸ್ಸಿನ ಮೂಲೆಯಲ್ಲಿ ಒಂದು ನೆಮ್ಮದಿ ಸುಳಿಯುತ್ತದೆ. ತಂಗಿಯ ತೊಡಕು ತಾನಾಗಿ ಬಿಡಿಸಿಕೊಂಡಿತಲ್ಲಾ ಎಂದು. ಕೂಡಲೇ ನಾಚಿಕೊಳ್ಳುತ್ತಾಳೆ. ತನ್ನ ಹೆಂಡತಿಯನ್ನೇ ಎದುರಿಗಿಟ್ಟುಕೊಂಡು ಬರೆದ ಪಾತ್ರದ ಒಳಗೆ ಇಂತಹ ಕ್ಷಣವನ್ನು ಇಡಬೇಕಾದರೆ ಲೇಖಕನಿಗೆ ಎದೆ ಬೇಕು. ಅದನ್ನು ಓದಿ ಸುಮ್ಮನಿರಬೇಕಾದರೆ ಹೆಂಡತಿಗೂ ಬೇಕು.

ತಯೆಕೋ ಆಮಶಂಕೆಯಿಂದ ಮಲಗಿದಾಗ ಅವಳ ಮುಖದ ಬಣ್ಣನೆ ಇನ್ನೂ ನಿರ್ದಯವಾದದ್ದು. ರೋಗದಿಂದ ಬಳಲಿದ ಮುಖದಲ್ಲಿ, ಇದುವರೆಗೆ ಬದುಕಿದ ಬಾಳಿನ ಕೊಳೆ ಮೇಲೆದ್ದು ಬಂದಂತೆ ಸಾಚಿಕೋಗೆ ಕಾಣುತ್ತದೆ. ಕೊನೆಗೆ ಮದ್ಯದಂಗಡಿಯ ನೌಕರನೊಬ್ಬನಿಂದ ಗರ್ಭಿಣಿಯಾಗಿ, ಗುಟ್ಟಾಗಿ ಬೇರೆ ಊರಿನಲ್ಲಿರಿಸಿ ಹೆರಿಗೆ ಮಾಡಿಸಿದಾಗ ಮಗು ಉಳಿಯುವುದಿಲ್ಲ. ಸತ್ತ ಶಿಶುವಿನ ಕಪ್ಪು ಕೂದಲು, ಬಿಳಿಯ ಮುಖ ಬೊಂಬೆಯಂತೆ ಕಾಣುತ್ತದೆ. ಅದನ್ನು ಹೆತ್ತವಳು ಬೊಂಬೆ ಮಾಡುತ್ತಿದ್ದವಳು ಎಂಬುದನ್ನು ತನಿಜಾಕಿ ಬಿಡಿಸಿ ಹೇಳುವುದಿಲ್ಲ. ಅವನ ಪ್ರತಿಮೆಗಳೆಲ್ಲ ಹೀಗೆಯೇ: ಕಥೆಯ ಮೊದಲಲ್ಲಿ ಮನೆಯ ಸಾಮಾನಿನಂತೆ ಬಂದು ಕೂರುತ್ತವೆ, ಎಷ್ಟೋ ಪುಟಗಳ ಬಳಿಕ ಚುಚ್ಚುತ್ತವೆ.

ಚೆರಿ ಹೂವಿನ ಪ್ರತಿಮೆಯೂ ಹಾಗೆಯೇ. ಪ್ರತಿ ವಸಂತದಲ್ಲಿ ಸೋದರಿಯರು ಕ್ಯೋಟೋದ ಹೆಯಾನ್ ಗುಡಿಯ ತೂಗುಕೊಂಬೆಯ ಚೆರಿ ಮರಗಳನ್ನು ನೋಡಲು ಹೋಗುತ್ತಾರೆ. ಹೂ ಅದೇ, ಮರ ಅದೇ. ಈ ವರ್ಷವೂ ಯುಕಿಕೋ ನಮ್ಮ ಜೊತೆಗಿದ್ದಾಳಲ್ಲಾ ಎಂದು ಸಾಚಿಕೋಗೆ ಒಳಗೊಳಗೇ ಸಂತೋಷ. ಇನ್ನೂ ಮದುವೆಯಾಗಲಿಲ್ಲವಲ್ಲಾ ಎಂಬ ವ್ಯಥೆಯೂ ಅದೇ ಕ್ಷಣದಲ್ಲಿ. ಗರ್ಭಪಾತವಾದ ಬಳಿಕ ಬಂದ ವಸಂತದಲ್ಲಿ, ಹೂಗಳ ಕೆಳಗೆ ಮಕ್ಕಳನ್ನು ಕರೆತಂದವರನ್ನು ಕಂಡು ಅವಳ ಕಣ್ಣು ತುಂಬುತ್ತದೆ. ಮಿಂಚುಹುಳು ಹಿಡಿಯಲು ಹಳ್ಳಿಗೆ ಹೋದ ರಾತ್ರಿಯ ಪ್ರಸಂಗವಂತೂ ಮರೆಯಲಾಗದ್ದು. ಹಿಂದಿರುಗಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಸಾಚಿಕೋಗೆ, ತಾವು ಬಂದ ಮೇಲೂ ಆ ತೊರೆಯ ಎರಡೂ ದಂಡೆಯ ಹುಲ್ಲಿನಲ್ಲಿ ಹುಳುಗಳು ಮಿನುಗಿ ಆರುತ್ತ, ಸದ್ದಿಲ್ಲದೆ ಇರುಳಿಡೀ ಹಾರುತ್ತಿರುವುದು ಕಾಣುತ್ತದೆ. ಅದಾದ ಬೆನ್ನಿಗೇ ಬರುವುದು, ಗಂಡಿನ ಕಡೆಯವರು ಬೇಡವೆನ್ನುವ ಆ ಅವಮಾನದ ಭೇಟಿ.

ಈ ಗರ್ಭಪಾತದ ಹಿಂದೆ ಒಂದು ನಿಜ ಸಂಗತಿಯಿದೆ. ಮದುವೆಯಾದ ಕೆಲವು ವರ್ಷಗಳಲ್ಲಿ ಮಾತ್ಸುಕೋ ಗರ್ಭಿಣಿಯಾಗಿದ್ದಳು. ಅವಳು ತನ್ನ ಮಗುವಿನ ತಾಯಿಯಾಗಿಬಿಟ್ಟರೆ ತಾನು ಕಟ್ಟಿಕೊಂಡ ಒಡತಿಯ ಚಿತ್ರ ಒಡೆದುಹೋಗುತ್ತದೆಂದು ತನಿಜಾಕಿ ಅಂಜಿದ. ಆ ಗರ್ಭ ಉಳಿಯಲಿಲ್ಲ, ಉಳಿಸಿಕೊಳ್ಳಲಿಲ್ಲ. ಮುದಿವಯಸ್ಸಿನಲ್ಲಿ ಆತನೇ ಅದನ್ನು ಬರೆದಿದ್ದಾನೆ. ಕಾದಂಬರಿಯಲ್ಲಿ ಅದು ಯಾರ ತಪ್ಪೂ ಅಲ್ಲದ ಆಕಸ್ಮಿಕವಾಗಿದೆ, ಗಂಡ ಪಕ್ಕದಲ್ಲಿ ನಿಂತು ಸಮಾಧಾನ ಮಾಡುತ್ತಾನೆ. ಹೂವಿನ ಕೆಳಗಿನ ಆ ಕಣ್ಣೀರು ಮಾತ್ರ ಕಟ್ಟುಕಥೆಯಾಗಿರಲಾರದು.

ಧಾರಾವಾಹಿ ನಿಂತ ಮೇಲೆ ತನಿಜಾಕಿ 1944ರ ಜುಲೈನಲ್ಲಿ ಮೊದಲ ಸಂಪುಟದ ಸುಮಾರು 200 ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಆಪ್ತರಿಗೆ ಹಂಚಿದ. ಅಧಿಕಾರಿಗಳ ಕಣ್ಣು ಅದರ ಮೇಲೂ ಬಿತ್ತು. ಎರಡನೆಯ ಸಂಪುಟವನ್ನು ಅಚ್ಚು ಹಾಕಿಸಲು ಬಿಡಲಿಲ್ಲ. ಸಂಸಾರ ಅತಾಮಿಗೆ ಹೋಯಿತು, ಅಲ್ಲಿಂದ 1945ರಲ್ಲಿ ತ್ಸುಯಾಮಾಕ್ಕೆ, ಮತ್ತೆ ಬೆಟ್ಟಗಳ ನಡುವಿನ ಕಾತ್ಸುಯಾಮಾಕ್ಕೆ. ಹಸ್ತಪ್ರತಿಯೂ ಜೊತೆಗೇ ಹೋಯಿತು. ಆ ಆಗಸ್ಟಿನ 13ರಂದು ಅವನ ಬಾಗಿಲಿಗೆ ಬಂದವನು ವೃದ್ಧ ನಾಗಾಯ್ ಕಾಫು. ಮನೆ, ಪುಸ್ತಕ ಎಲ್ಲ ಬೆಂಕಿಗೆ ಕಳೆದುಕೊಂಡು ಓಕಾಯಾಮಾದಲ್ಲಿ ನಿರಾಶ್ರಿತನಾಗಿದ್ದವನು. ಹಿಂದೆ ತನ್ನನ್ನು ಲೋಕಕ್ಕೆ ತೋರಿಸಿಕೊಟ್ಟವನಿಗೆ ತನಿಜಾಕಿ ಆ ಅಭಾವದಲ್ಲೂ ಮಾಂಸದೂಟ ಹಾಕಿಸಿದ. 15ರ ಬೆಳಿಗ್ಗೆ ಕಾಫು ರೈಲು ಹತ್ತಿದ. ಆ ಮಧ್ಯಾಹ್ನ ಚಕ್ರವರ್ತಿ ರೇಡಿಯೋದಲ್ಲಿ ಸೋಲೊಪ್ಪಿದ.

ಕಾದಂಬರಿಯ ಮೂರು ಸಂಪುಟಗಳು 1946ರಿಂದ 1948ರವರೆಗೆ ಹೊರಬಂದವು. ಸುಟ್ಟ ಊರುಗಳಲ್ಲಿ ಕುಳಿತ ಜನ ಕಳೆದುಹೋದ ದಿನಗಳನ್ನು ಅದರಲ್ಲಿ ಓದಿಕೊಂಡರು. 1949ರಲ್ಲಿ ಸರಕಾರ ಅವನಿಗೆ ಸಂಸ್ಕೃತಿ ಪದಕ ಕೊಟ್ಟಿತು. ಆರು ವರ್ಷ ಹಿಂದೆ ಅದೇ ಕೃತಿ ದೇಶದ ಮನೋಬಲಕ್ಕೆ ಮಾರಕವಾಗಿತ್ತು!

ಕಥೆ ಮುಗಿಯುವುದು ರೈಲಿನಲ್ಲಿ. ಯುಕಿಕೋಗೆ ಕೊನೆಗೂ ಶ್ರೀಮಂತ ವಂಶದ ವರನೊಬ್ಬ ಸಿಕ್ಕಿದ್ದಾನೆ. ಮದುವೆಗಾಗಿ ಟೋಕಿಯೋಕ್ಕೆ ಹೊರಟಿದ್ದಾಳೆ. ಅವಳಿಗೆ ಸಂತೋಷವಿಲ್ಲ. ಕೆಲವು ದಿನಗಳಿಂದ ಹೊಟ್ಟೆ ಕೆಟ್ಟಿದೆ. ರೈಲಿನಲ್ಲೂ ನಿಲ್ಲಲಿಲ್ಲವೆಂಬಲ್ಲಿಗೆ ಪುಸ್ತಕ ಮುಗಿಯುತ್ತದೆ. ಇದನ್ನು ಓದಿ ಮುಖ ಸಿಂಡರಿಸಿದ ವಿಮರ್ಶಕರಿದ್ದಾರೆ. ನನಗಂತೂ ಇಡೀ ಕಾದಂಬರಿಯಲ್ಲಿ ಯುಕಿಕೋ ಅತ್ಯಂತ ಸ್ಪಷ್ಟವಾಗಿ ಮಾತನಾಡಿದ್ದು ಅಲ್ಲಿಯೇ ಎಂದು ತೋರುತ್ತದೆ.

ನಿಜವಾದ ಶಿಗೆಕೋಗೂ 1941ರಲ್ಲಿ ಮದುವೆಯಾಯಿತು. 1949ರಲ್ಲಿ ಗಂಡ ತೀರಿಕೊಂಡ. ಆಕೆ ಮತ್ತೆ ಅಕ್ಕ ಭಾವಂದಿರ ಆಸರೆಗೇ ಬಂದಳು. ತನ್ನ ಮಚ್ಚೆ, ಮೌನ, ಹಟ ಎಲ್ಲವನ್ನೂ ಲಕ್ಷಾಂತರ ಜನ ಓದಿದ್ದಾರೆಂಬುದನ್ನು ತಿಳಿದೇ ಆ ಮನೆಯಲ್ಲಿ ಬಾಳಿದಳು. ತನಿಜಾಕಿ ಬರವಣಿಗೆಯಲ್ಲಿ ಮನೆಯವರನ್ನು ಬಿಟ್ಟವನೇ ಅಲ್ಲ. 1961ರಲ್ಲಿ ಆರಂಭಿಸಿದ ಹುಚ್ಚು ಮುದುಕನ ದಿನಚರಿಯ ಸೊಸೆಯ ಪಾತ್ರಕ್ಕೂ ಮನೆಯ ಕಿರಿಯ ಸೊಸೆಯೊಬ್ಬಳೇ ಮಾದರಿ. ಆ ಹೊತ್ತಿಗೆ ಬಲಗೈ ಸ್ವಾಧೀನದಲ್ಲಿರಲಿಲ್ಲ, ಹೇಳಿ ಬರೆಸುತ್ತಿದ್ದ. 'ಗೆಂಜಿ'ಯನ್ನು ಮೂರನೆಯ ಸಲ ಹೊಸ ಭಾಷೆಗೆ ಇಳಿಸಿದ. ನೊಬೆಲ್ ಬಹುಮಾನಕ್ಕೆ ಹಲವು ಬಾರಿ ಅವನ ಹೆಸರು ಸೂಚಿತವಾಗಿತ್ತೆಂಬುದು ಐವತ್ತು ವರ್ಷಗಳ ಗೋಪ್ಯದ ಅವಧಿ ಮುಗಿದ ಮೇಲೆ ಹೊರಬಂತು. 1965ರ ಜುಲೈ 30ರಂದು ಯುಗಾವಾರಾದ ಮನೆಯಲ್ಲಿ ತೀರಿಕೊಂಡ. ಮಾತ್ಸುಕೋ 1991ರವರೆಗೆ ಬದುಕಿದ್ದಳು. ಗಂಡನ ನೆನಪುಗಳನ್ನು ಬರೆದು, ಆ ಪುಸ್ತಕಕ್ಕೆ ನದಿಯ ದಂಡೆಯ ಇಶೋಆನ್ ಮನೆಯ ಹೆಸರನ್ನೇ ಸೇರಿಸಿ ಶೀರ್ಷಿಕೆಯಿಟ್ಟಳು.

ಕ್ಯೋಟೋದ ಹೊನೆನ್‌ಇನ್ ದೇವಾಲಯದ ಸ್ಮಶಾನದಲ್ಲಿ ಎರಡು ಒರಟು ಕಲ್ಲುಗಳಿವೆ. ಒಂದರ ಮೇಲೆ ಶಾಂತಿ ಎಂಬರ್ಥದ ಒಂದೇ ಅಕ್ಷರ. ಅದರ ಕೆಳಗೆ ತನಿಜಾಕಿ ಮತ್ತು ಮಾತ್ಸುಕೋ. ಇನ್ನೊಂದರ ಮೇಲೆ ಶೂನ್ಯ ಎಂಬರ್ಥದ ಅಕ್ಷರ. ಅದರ ಕೆಳಗೆ ಶಿಗೆಕೋ ಮತ್ತು ಆಕೆಯ ಗಂಡ. ನಡುವೆ ಒಂದು ತೂಗುಕೊಂಬೆಯ ಚೆರಿ ಮರ. ಏಪ್ರಿಲ್ ತಿಂಗಳಲ್ಲಿ ಅದು ಹೂ ಬಿಡುತ್ತದೆ.